ಸಿಂಹಾಸನ ಬಿಟ್ಟವನ ಅರಮನೆ

ಏಡ್ರಿಯಾಟಿಕ್ ಸಮುದ್ರದ ಪೂರ್ವ ತೀರದಲ್ಲಿ, ಇಂದಿನ ಕ್ರೊಯೇಷಿಯಾ ದೇಶದಲ್ಲಿ, ಸ್ಪ್ಲಿಟ್ ಎಂಬ ಬಂದರು ಪಟ್ಟಣವಿದೆ. ರೋಮನ್ ಚಕ್ರವರ್ತಿಯ ಪಾಳು ಅರಮನೆಯನ್ನು ನೋಡಬೇಕೆಂದು ಅಲ್ಲಿಗೆ ಬಂದಿಳಿಯುವವರಿಗೆ ಮೊದಲ ನೋಟದಲ್ಲಿ ಸ್ವಲ್ಪ ಗೊಂದಲವೇ ಆಗುತ್ತದೆ. ಬೇಲಿ ಹಾಕಿದ ಬಯಲು, ನಡುವೆ ಉರುಳಿ ಬಿದ್ದ ಕಂಬಗಳು, ಹುಲ್ಲು ಬೆಳೆದ ಅಡಿಪಾಯ ಇವಾವುವೂ ಅಲ್ಲಿ ಕಾಣಿಸುವುದಿಲ್ಲ. ಕಡಲ ದಂಡೆಯ ಉದ್ದಕ್ಕೂ ಕಾಫಿ ಅಂಗಡಿಗಳು. ಅವುಗಳ ಹಿಂದೆ ಒಂದಕ್ಕೊಂದು ಆತು ನಿಂತ ಮನೆಗಳು. ಕಿಟಕಿಗಳಿಗೆ ಕಟ್ಟಿದ ಹಗ್ಗದ ಮೇಲೆ ಒಣಗುತ್ತಿರುವ ಬಟ್ಟೆಗಳು. ಅರಮನೆ ಎಲ್ಲಿದೆ ಎಂದು ಕೇಳಿದರೆ ಊರಿನವರು ಅದೇ ಮನೆಗಳ ಕಡೆಗೆ ಕೈ ತೋರಿಸುತ್ತಾರೆ. ಆಗ ಮತ್ತೊಮ್ಮೆ ದೃಷ್ಟಿಸಿ ನೋಡಿದರೆ, ಆ ಮನೆಗಳ ನಡುನಡುವೆ ಗೋಡೆಯಿಂದ ಅರ್ಧ ಮೂಡಿ ನಿಂತ ಪ್ರಾಚೀನ ಕಂಬಗಳು ಸಾಲಾಗಿ ಕಾಣತೊಡಗುತ್ತವೆ. ಯಾರದೋ ಮನೆಯ ಹೊರಗೋಡೆಯೆಂದು ತಿಳಿದದ್ದು ಹದಿನೇಳು ಶತಮಾನಗಳ ಹಿಂದೆ ಡಯೋಕ್ಲೀಷಿಯನ್ ಚಕ್ರವರ್ತಿಯು ಕಟ್ಟಿಸಿದ ಕೋಟೆಯ ದಕ್ಷಿಣ ಗೋಡೆಯಾಗಿರುತ್ತದೆ.

ಸುಮಾರು 215 ಮೀಟರ್ ಉದ್ದ, 180 ಮೀಟರ್ ಅಗಲದ ಈ ಕಟ್ಟಡವು ಅರಮನೆಯೂ ಹೌದು, ದಂಡು ಇಳಿಯುವ ಕೋಟೆಯೂ ಹೌದು. ನಾಲ್ಕು ದಿಕ್ಕುಗಳಲ್ಲಿ ಗೋಡೆ, ಅವುಗಳಿಗೆ 16 ಬುರುಜುಗಳು, ನಾಲ್ಕು ಬಾಗಿಲುಗಳು. ಉತ್ತರದ್ದು ಚಿನ್ನದ ಬಾಗಿಲು, ಪೂರ್ವದ್ದು ಬೆಳ್ಳಿಯದು, ಪಶ್ಚಿಮದ್ದು ಕಬ್ಬಿಣದ್ದು, ದಕ್ಷಿಣದ್ದು ಕಂಚಿನದು ಎಂಬ ಹೆಸರುಗಳು ಬಹಳ ಕಾಲದ ತರುವಾಯ ಬಂದವು. ಕಟ್ಟಡಕ್ಕೆ ಬೇಕಾದ ಬಿಳಿ ಸುಣ್ಣಕಲ್ಲು ಎದುರಿನ ಬ್ರಾಚ್ ದ್ವೀಪದಿಂದ ಬಂದಿತು. ಕಂಬಗಳಿಗೆ ಗ್ರಾನೈಟ್ ಶಿಲೆ ಈಜಿಪ್ಟಿನಿಂದ ಹಡಗೇರಿ ಬಂದಿತು. ಉತ್ತರಾರ್ಧದಲ್ಲಿ ಕಾವಲು ಪಡೆ ಮತ್ತು ಸೇವಕರು. ಸಮುದ್ರದತ್ತ ಮುಖ ಮಾಡಿದ ದಕ್ಷಿಣಾರ್ಧದಲ್ಲಿ ಚಕ್ರವರ್ತಿಯ ವಾಸ. ಕಂಚಿನ ಬಾಗಿಲು ನಾಲ್ಕರಲ್ಲಿಯೂ ಚಿಕ್ಕದು. ಅಂದು ಕಡಲ ನೀರು ಗೋಡೆಯ ಬುಡವನ್ನೇ ಮುಟ್ಟುತ್ತಿದ್ದುದರಿಂದ ದೋಣಿಯಿಂದ ನೇರವಾಗಿ ಒಳಗೆ ಕಾಲಿಡಬಹುದಾಗಿತ್ತು.

ಇಂದಿಗೂ ಹೆಚ್ಚಿನ ಸಂದರ್ಶಕರು ಆ ಬಾಗಿಲಿನಿಂದಲೇ ಒಳಹೊಕ್ಕು ಮೊದಲು ನೆಲಮಾಳಿಗೆಗೆ ಬರುತ್ತಾರೆ. ಭೂಮಿಯು ಸಮುದ್ರದ ಕಡೆಗೆ ಇಳಿಜಾರಾಗಿದ್ದುದರಿಂದ, ಮೇಲಿನ ವಾಸದ ಅಂತಸ್ತನ್ನು ಉತ್ತರದ ನೆಲಕ್ಕೆ ಸಮಮಾಡಲು ಕೆಳಗೆ ದಪ್ಪ ಗೋಡೆಗಳ, ಕಮಾನು ಛಾವಣಿಗಳ ಕೋಣೆಗಳನ್ನು ಕಟ್ಟಬೇಕಾಯಿತು. ಈ ಕೋಣೆಗಳ ಕಥೆ ವಿಚಿತ್ರವಾದುದು. ಮೇಲಿನ ರಾಜವಾಸದ ಬಹುಭಾಗ ಕಾಲಕ್ರಮದಲ್ಲಿ ಅಳಿದುಹೋಯಿತು. ಮಧ್ಯಯುಗದಲ್ಲಿ ಅದೇ ಜಾಗದಲ್ಲಿ ಮನೆ ಮಾಡಿದ ಜನರು ನೆಲದಲ್ಲಿ ರಂಧ್ರ ಕೊರೆದು ತಮ್ಮ ಮನೆಯ ಕಸ, ಕೊಳಚೆಗಳನ್ನೆಲ್ಲ ಕೆಳಕ್ಕೆ ಸುರಿಯುತ್ತ ಬಂದರು. ಶತಮಾನಗಳವರೆಗೆ ಹೀಗೆ ಸುರಿದ ಕಸವು ಕೋಣೆಗಳನ್ನು ಛಾವಣಿಯವರೆಗೂ ತುಂಬಿ ಗಟ್ಟಿಯಾಯಿತು; ಗೋಡೆಗಳಿಗೆ ಆಸರೆಯಾಯಿತು; ಯಾರೂ ಕಲ್ಲು ಕೀಳದಂತೆ ತಡೆಯಿತು. ಹತ್ತೊಂಬತ್ತನೆಯ ಶತಮಾನದ ನಡುವೆ ಆರಂಭವಾಗಿ, ಮುಖ್ಯವಾಗಿ 1950ರ ದಶಕದಿಂದ ಮುಂದೆ ನಡೆದ ಉತ್ಖನನದಲ್ಲಿ ಕಸ ತೆಗೆದಾಗ, ಕೋಣೆಗಳು ಕಟ್ಟಿದಂತೆಯೇ ದೊರೆತವು. ಮೇಲಿನ ಅಂತಸ್ತಿನ ಕೋಣೆಗಳು ಕೆಳಗಿನವುಗಳ ಗೋಡೆಗಳ ಮೇಲೆಯೇ ನಿಂತಿದ್ದುದರಿಂದ, ಚಕ್ರವರ್ತಿಯು ಎಲ್ಲಿ ಉಣ್ಣುತ್ತಿದ್ದನು, ಎಲ್ಲಿ ಜನರಿಗೆ ದರ್ಶನ ಕೊಡುತ್ತಿದ್ದನು ಎಂಬುದನ್ನು ಇಂದು ವಿದ್ವಾಂಸರು ಈ ನೆಲಮಾಳಿಗೆಯ ನಕ್ಷೆಯಿಂದಲೇ ಊಹಿಸುತ್ತಾರೆ. ಅಮೃತಶಿಲೆ ಹೊದಿಸಿದ್ದು ಹೋಯಿತು, ಕಸ ತುಂಬಿದ್ದು ಉಳಿಯಿತು.

ಈ ಅರಮನೆಯ ಯಜಮಾನನು ಅರಮನೆಯಲ್ಲಿ ಹುಟ್ಟಿದವನಲ್ಲ. ಡಯೋಕ್ಲಿಸ್ ಎಂಬ ಮೂಲ ಹೆಸರಿನ ಆತನು ಸುಮಾರು ಕ್ರಿ.ಶ. 244ರಲ್ಲಿ ಇದೇ ಡಾಲ್ಮೇಷಿಯಾ ಪ್ರಾಂತದಲ್ಲಿ, ಇಲ್ಲಿಂದ ಎರಡು ಹರಿದಾರಿಯೊಳಗಿರುವ ಸಲೋನಾ ನಗರದ ಆಸುಪಾಸಿನಲ್ಲಿ, ಬಡ ಕುಟುಂಬವೊಂದರಲ್ಲಿ ಹುಟ್ಟಿದನೆಂದು ಹೇಳುತ್ತಾರೆ. ಸೆನೆಟರನೊಬ್ಬನ ಬಿಡುಗಡೆ ಹೊಂದಿದ ದಾಸನೇ ಆತನಾಗಿದ್ದನೆಂಬ ಮಾತೂ ಆ ಕಾಲದ ಚರಿತ್ರೆಕಾರರಲ್ಲಿ ಇದೆ. ಸೈನ್ಯದಲ್ಲಿ ಮೇಲೇರಿ ಅಂಗರಕ್ಷಕ ಪಡೆಯ ನಾಯಕನಾದನು. 284ರ ನವೆಂಬರ್ 20ರಂದು ಇಂದಿನ ತುರ್ಕಿಯಲ್ಲಿರುವ ನಿಕೊಮೀಡಿಯಾ ನಗರದ ಸಮೀಪ ಸೈನಿಕರು ಆತನನ್ನು ಚಕ್ರವರ್ತಿಯೆಂದು ಘೋಷಿಸಿದರು. ಹಿಂದಿನ ದೊರೆಯ ಸಾವಿಗೆ ಕಾರಣನೆಂದು ಆರೋಪಿಸಿ, ಏಪರ್ ಎಂಬ ಅಧಿಕಾರಿಯನ್ನು ಆತನು ನೆರೆದ ಸೈನ್ಯದ ಎದುರಿನಲ್ಲಿಯೇ ತನ್ನ ಕೈಯಿಂದ ಇರಿದು ಕೊಂದನು. ಆಳ್ವಿಕೆಯ ಮೊದಲ ಕಾರ್ಯವೇ ಇದು.

ಆ ಕಾಲವೂ ಅಂತಹುದೇ. 235ರಿಂದ 284ರವರೆಗಿನ ಅರ್ಧ ಶತಮಾನದಲ್ಲಿ ರೋಮಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಚಕ್ರವರ್ತಿಗಳಾದರು. ಅವರಲ್ಲಿ ಬಹುಮಂದಿ ತಮ್ಮವರ ಕತ್ತಿಗೇ ಬಲಿಯಾದರು. ಇಂತಹ ಸಿಂಹಾಸನವನ್ನು ಡಯೋಕ್ಲೀಷಿಯನ್ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಉಳಿಸಿಕೊಂಡನು. ಒಬ್ಬನಿಂದ ಆಗದ ಭಾರವನ್ನು ಪಾಲು ಮಾಡಿದುದೇ ಅವನ ಉಪಾಯ. 286ರ ವೇಳೆಗೆ ಹಳೆಯ ಸಂಗಾತಿ ಮ್ಯಾಕ್ಸಿಮಿಯನ್‌ನನ್ನು ಸಮಾನ ಪದವಿಗೆ ಏರಿಸಿ ಪಶ್ಚಿಮವನ್ನು ಅವನಿಗೆ ವಹಿಸಿದನು. 293ರಲ್ಲಿ ಗಲೇರಿಯಸ್, ಕಾನ್‌ಸ್ಟಾಂಟಿಯಸ್ ಎಂಬ ಇಬ್ಬರು ಕಿರಿಯ ಪಾಲುದಾರರನ್ನು ಸೇರಿಸಿಕೊಂಡನು. ತನ್ನ ಮಗಳು ವಲೇರಿಯಾಳನ್ನು ಗಲೇರಿಯಸ್‌ಗೆ ಕೊಟ್ಟು ಸಂಬಂಧವನ್ನು ಬಿಗಿ ಮಾಡಿದನು. ವ್ಯವಹಾರ ಬಲ್ಲವರು ಇದನ್ನು ಪಾಲುದಾರಿಕೆ ಪತ್ರವಿಲ್ಲದ ಪಾಲುದಾರಿಕೆ ಎನ್ನಬಹುದು. ಹಿರಿಯನ ಮಾತಿಗೆ ಬೆಲೆಯಿರುವವರೆಗೆ ಅದು ನಡೆಯಿತು.

ನೆಲಮಾಳಿಗೆಯಿಂದ ಮೆಟ್ಟಿಲು ಹತ್ತಿ ಹೊರಬಂದರೆ ಪೆರಿಸ್ಟೈಲ್ ಎಂಬ ಕಂಬಸಾಲಿನ ಅಂಗಳ ಸಿಗುತ್ತದೆ. ಎರಡು ಬದಿಗೂ ಗ್ರಾನೈಟ್ ಮತ್ತು ಅಮೃತಶಿಲೆಯ ಕಂಬಗಳು, ಅವುಗಳ ಮೇಲೆ ಕಮಾನುಗಳು. ಒಂದು ಬದಿಯಲ್ಲಿ ಈಜಿಪ್ಟಿನಿಂದ ತಂದ ಕರಿಗಲ್ಲಿನ ಸಿಂಹನಾರಿ ಮಲಗಿದೆ. ಮೂರನೆಯ ಥಟ್ಮೋಸ್ ದೊರೆಯ ಕಾಲದ್ದಾದ ಅದು, ಅರಮನೆ ಕಟ್ಟುವಾಗಲೇ ಸಾವಿರದ ಏಳುನೂರು ವರ್ಷಗಳಷ್ಟು ಹಳೆಯದಾಗಿತ್ತು. ದಕ್ಷಿಣದ ತುದಿಯಲ್ಲಿರುವ ಮಂಟಪದ ಕೆಳಗೆ ಚಕ್ರವರ್ತಿಯು ಕಾಣಿಸಿಕೊಳ್ಳುತ್ತಿದ್ದನು. ಹಿಂದಿನ ರೋಮನ್ ದೊರೆಗಳಿಗೆ ಜನರು ಕೈಯೆತ್ತಿ ವಂದಿಸಿದರೆ ಸಾಕಾಗಿತ್ತು. ಡಯೋಕ್ಲೀಷಿಯನ್ನನಾದರೋ ತಾನು ಜ್ಯೂಪಿಟರ್ ದೇವನ ಅಂಶವೆಂದು ಸಾರಿ, ಎದುರಿಗೆ ಬಂದವರು ಮಂಡಿಯೂರಿ ತನ್ನ ನಿಲುವಂಗಿಯ ಅಂಚನ್ನು ಮುತ್ತಿಡಬೇಕೆಂದು ವಿಧಿಸಿದನು. ಉಡುಪಿಗೆ ಮಾತ್ರವಲ್ಲ, ಪಾದರಕ್ಷೆಗಳಿಗೂ ರತ್ನಗಳನ್ನು ಹಚ್ಚಿಸಿಕೊಂಡನೆಂದು ಯೂಟ್ರೋಪಿಯಸ್ ಎಂಬ ಚರಿತ್ರೆಕಾರನು ಬರೆದಿದ್ದಾನೆ. ದಾಸನ ಮಗನೆನಿಸಿಕೊಂಡವನಿಗೆ ಇದು ಅವಶ್ಯವೆನಿಸಿತೋ, ಅಥವಾ ಕೊಲೆಗಾರರನ್ನು ದೂರವಿಡಲು ದೈವತ್ವವೇ ಗಟ್ಟಿ ಗೋಡೆಯೆಂದು ಬಗೆದನೋ! ಎರಡೂ ಇದ್ದಿರಬಹುದು.

ಇಷ್ಟು ವೈಭವಕ್ಕೆ, ಇಷ್ಟು ಸೈನ್ಯಕ್ಕೆ, ನಾಲ್ಕು ದೊರೆಗಳ ನಾಲ್ಕು ಆಸ್ಥಾನಗಳಿಗೆ ಹಣವೆಲ್ಲಿಂದ ಬರಬೇಕು? ಸುಮಾರು 50 ಇದ್ದ ಪ್ರಾಂತಗಳನ್ನು ಒಡೆದು 100ರ ಹತ್ತಿರಕ್ಕೆ ತಂದುದರಿಂದ ಅಧಿಕಾರಿಗಳ ಸಂಖ್ಯೆಯೂ ಏರಿತು. ತೆರಿಗೆ ಕೊಡುವವರಿಗಿಂತ ತೆರಿಗೆಯಿಂದ ಉಣ್ಣುವವರೇ ಹೆಚ್ಚಾದರೆಂದು ಲ್ಯಾಕ್ಟಾಂಟಿಯಸ್ ಎಂಬ ಸಮಕಾಲೀನ ಲೇಖಕನು ದೂರಿದ್ದಾನೆ. ಆತನು ಕ್ರೈಸ್ತನು, ಡಯೋಕ್ಲೀಷಿಯನ್ನನ ಕಡುವೈರಿ. ಆದುದರಿಂದ ಅವನ ಮಾತನ್ನು ಸ್ವಲ್ಪ ತಗ್ಗಿಸಿಯೇ ತೆಗೆದುಕೊಳ್ಳಬೇಕು. ಆದರೆ ನಾಣ್ಯಗಳು ಯಾರ ವೈರಿಯೂ ಅಲ್ಲ. ಮೊದಲ ಚಕ್ರವರ್ತಿ ಆಗಸ್ಟಸನ ಕಾಲದಲ್ಲಿ ದಿನಾರಿಯಸ್ ಎಂಬ ಬೆಳ್ಳಿ ನಾಣ್ಯವು ಬಹುಮಟ್ಟಿಗೆ ಶುದ್ಧ ಬೆಳ್ಳಿಯದಾಗಿತ್ತು. ಮುಂದೆ ಬಂದ ದೊರೆಗಳು ಸೈನಿಕರ ಸಂಬಳ ಕೊಡಲಾಗದೆ ಬೆಳ್ಳಿಗೆ ತಾಮ್ರ ಬೆರೆಸುತ್ತ ಹೋದರು. 270ರ ಸುಮಾರಿಗೆ ಬೆಳ್ಳಿಯೆಂದು ಚಲಾಯಿಸುತ್ತಿದ್ದ ನಾಣ್ಯದಲ್ಲಿ ನೂರಕ್ಕೆ ಐದು ಭಾಗ ಬೆಳ್ಳಿಯೂ ಇರಲಿಲ್ಲ. ತಾಮ್ರದ ಬಿಲ್ಲೆಗೆ ಬೆಳ್ಳಿಯ ಮೆರುಗು ಮಾತ್ರ ಇತ್ತು. ಅಂಗಡಿಯಲ್ಲಿ ಕುಳಿತವನು ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡಿ ಬೆಲೆಯನ್ನು ಏರಿಸಿದನು. ಡಯೋಕ್ಲೀಷಿಯನ್ 294ರ ಸುಮಾರಿಗೆ ಹೊಸ ನಾಣ್ಯಗಳನ್ನು ಹೊರಡಿಸಿದನು; 301ರ ಸೆಪ್ಟೆಂಬರ್ 1ರಿಂದ ಕೆಲವು ನಾಣ್ಯಗಳ ಮುಖಬೆಲೆಯನ್ನು ಇಮ್ಮಡಿಗೊಳಿಸಿದನು. ಬೆಲೆಗಳು ಇಳಿಯಲಿಲ್ಲ.

ಆಗ, 301ರ ಕೊನೆಯ ತಿಂಗಳುಗಳಲ್ಲಿ, ಗರಿಷ್ಠ ಬೆಲೆಗಳ ಪ್ರಸಿದ್ಧ ಶಾಸನವು ಹೊರಟಿತು. ಪೂರ್ವ ಪ್ರಾಂತಗಳ ಅನೇಕ ಊರುಗಳಲ್ಲಿ ಇದನ್ನು ಕಲ್ಲಿನ ಮೇಲೆ ಕೆತ್ತಿಸಿ ಸಾರ್ವಜನಿಕ ಸ್ಥಳಗಳಲ್ಲಿ ನಿಲ್ಲಿಸಲಾಯಿತು. ಲ್ಯಾಟಿನ್, ಗ್ರೀಕ್ ಭಾಷೆಗಳಲ್ಲಿ ಅದರ ತುಂಡುಗಳು ಇಂದಿಗೂ ದೊರೆಯುತ್ತಿವೆ. ಜಗತ್ತಿನ ಪ್ರಾಚೀನ ವ್ಯಾಪಾರ ದಾಖಲೆಗಳಲ್ಲಿ ಇದಕ್ಕೆ ಸಮನಾದುದು ವಿರಳ. 1,200ಕ್ಕೂ ಹೆಚ್ಚು ಸರಕುಗಳಿಗೂ ಕೂಲಿಗಳಿಗೂ ಇದಕ್ಕಿಂತ ಹೆಚ್ಚು ಕೂಡದೆಂಬ ದರವನ್ನು ಅದು ಗೊತ್ತುಮಾಡಿತು. ಸೈನ್ಯದ ಅಳತೆಯ ಒಂದು ಮೋದಿಯಸ್ ಗೋಧಿಗೆ 100 ದಿನಾರಿ, ಅಷ್ಟೇ ಬಾರ್ಲಿಗೆ 60. ಹೊಲದ ಕೂಲಿಯವನಿಗೆ ಊಟ ಕೊಟ್ಟು ದಿನಕ್ಕೆ 25. ಬಡಗಿಗೆ, ರೊಟ್ಟಿ ಸುಡುವವನಿಗೆ 50. ಕ್ಷೌರಿಕನಿಗೆ ತಲೆಗೆ 2. ಓದು ಬರಹ ಕಲಿಸುವ ಉಪಾಧ್ಯಾಯನಿಗೆ ಹುಡುಗನೊಬ್ಬನಿಗೆ ತಿಂಗಳಿಗೆ 50, ಲೆಕ್ಕ ಕಲಿಸುವವನಿಗೆ 75, ವಾಕ್ಚಾತುರ್ಯ ಕಲಿಸುವವನಿಗೆ 250. ಮೊಕದ್ದಮೆ ವಾದಿಸುವ ವಕೀಲನಿಗೆ 1,000. ಲೆಕ್ಕ ಕಲಿಸುವವನಿಗಿಂತ ಮಾತು ಕಲಿಸುವವನಿಗೆ ಮೂರು ಪಾಲಿಗೂ ಹೆಚ್ಚು ದೊರೆಯುತ್ತಿದ್ದುದು ಇಂದಿನ ಓದುಗರಿಗೆ ಆಶ್ಚರ್ಯವೆನಿಸಲಾರದು.

ಪಟ್ಟಿಯ ಇನ್ನೊಂದು ತುದಿಯನ್ನು ನೋಡಬೇಕು. ಒಂದು ಪೌಂಡು ಚಿನ್ನಕ್ಕೆ 72,000 ದಿನಾರಿ. ನೇರಳೆ ಬಣ್ಣದಲ್ಲಿ ಅದ್ದಿದ ಒಂದು ಪೌಂಡು ರೇಷ್ಮೆಗೆ 1,50,000. ಎಂದರೆ ನೇರಳೆ ರೇಷ್ಮೆಯು ತನ್ನ ತೂಕಕ್ಕೆ ಎರಡು ಪಾಲಿಗೂ ಮಿಕ್ಕಿದ ಚಿನ್ನದ ಬೆಲೆಯುಳ್ಳದ್ದು. ಹೊಲದ ಕೂಲಿಯವನು ಆ ಒಂದು ಪೌಂಡನ್ನು ಕೊಳ್ಳಬೇಕಾದರೆ 6,000 ದಿನ, ಒಂದು ದಿನವೂ ತಪ್ಪದೆ ಹದಿನಾರು ವರ್ಷಕ್ಕೂ ಹೆಚ್ಚು ದುಡಿಯಬೇಕು. ಆ ಬಣ್ಣವು ಕಡಲ ಶಂಖುಗಳಿಂದ ಬರುತ್ತಿತ್ತು. ಒಂದು ನಿಲುವಂಗಿಯ ಬಣ್ಣಕ್ಕೆ ಸಾವಿರ ಸಾವಿರ ಜೀವಿಗಳನ್ನು ಒಡೆದು ಕೊಳೆಸಬೇಕಾಗಿತ್ತು. ಪೆರಿಸ್ಟೈಲಿನ ಮಂಟಪದಲ್ಲಿ ನಿಂತವನ ಉಡುಪು ಇದೇ. ಅದೇ ಪಟ್ಟಿಯಲ್ಲಿ ಕ್ರೀಡಾಂಗಣದಲ್ಲಿ ಕಾದಿಸಿ ಕೊಲ್ಲಿಸುವುದಕ್ಕಾಗಿ ತರುವ ಗಂಡು ಸಿಂಹಕ್ಕೂ 1,50,000 ದಿನಾರಿಯ ದರವಿದೆ.

ಶಾಸನದ ಪೀಠಿಕೆಯು ದೀರ್ಘವಾದುದು, ಕೋಪದಿಂದ ಕೂಡಿದುದು. ಬೆಲೆ ಏರಿಕೆಗೆ ಕಾರಣವು ವರ್ತಕರ ಲೋಭವೇ ಎಂದು ಅದು ಸಾರುತ್ತದೆ. ಒಂದೇ ಖರೀದಿಯಲ್ಲಿ ಸೈನಿಕನ ಸಂಬಳವೂ ಬಹುಮಾನವೂ ಕರಗಿಹೋಗುತ್ತವೆ ಎಂದು ಮರುಗುತ್ತದೆ. ನಾಣ್ಯದಲ್ಲಿ ಬೆರೆಸಿದ ತಾಮ್ರದ ಮಾತು ಅಲ್ಲಿ ಇಲ್ಲ. ವರ್ತಕರು ನಿರ್ದೋಷಿಗಳಾಗಿದ್ದರೆಂದು ಇಲ್ಲಿ ವಾದಿಸಬೇಕಾಗಿಲ್ಲ; ದಾಸ್ತಾನು ಮಾಡಿ ಕ್ಷಾಮ ಕಾಯುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ, ಅಂದೂ ಇದ್ದರು. ಆದರೆ ತೂಕದಲ್ಲಿ ಮೋಸ ಮಾಡುವ ಅಂಗಡಿಯವನನ್ನು ಶಿಕ್ಷಿಸುವ ರಾಜನು ತನ್ನ ಟಂಕಸಾಲೆಯ ತೂಕವನ್ನೂ ನೋಡಿಕೊಳ್ಳಬೇಕಾಗಿತ್ತು. ದರ ಮೀರಿದವನಿಗೆ ಮರಣದಂಡನೆ. ಅವನೊಡನೆ ಒಪ್ಪಂದ ಮಾಡಿಕೊಂಡು ಕೊಂಡವನಿಗೂ ಮರಣದಂಡನೆ. ಸರಕನ್ನು ಅಡಗಿಸಿಟ್ಟವನಿಗೂ ಅದೇ. ಬಂಡಿ ಬಾಡಿಗೆಗೂ ಮೈಲಿಗೆ ಇಷ್ಟೆಂದು ದರವಿತ್ತು. ಆದರೆ ಬೆಳೆದ ಊರಿಗೂ ದೂರದ ಊರಿಗೂ ಗೋಧಿಯ ಗರಿಷ್ಠ ಬೆಲೆ ಒಂದೇ ಆಗಿತ್ತು. ಬಾಡಿಗೆ ತೆತ್ತು ದೂರಕ್ಕೆ ಒಯ್ದವನಿಗೆ ಉಳಿಯುವುದೇನು ಎಂಬ ಲೆಕ್ಕವನ್ನು ಆಸ್ಥಾನದಲ್ಲಿ ಯಾರೂ ಹಾಕಿದಂತಿಲ್ಲ. ಸಣ್ಣಪುಟ್ಟ ಸರಕುಗಳಿಗಾಗಿ ಬಹಳ ರಕ್ತ ಹರಿಯಿತು, ಭಯದಿಂದ ಸರಕು ಪೇಟೆಯಿಂದಲೇ ಮಾಯವಾಯಿತು, ಬೆಲೆ ಮತ್ತಷ್ಟು ಏರಿತು, ಅನೇಕರು ಹಾಳಾದ ಮೇಲೆ ಶಾಸನವು ತಾನಾಗಿ ಬಿದ್ದುಹೋಯಿತು ಎಂದು ಲ್ಯಾಕ್ಟಾಂಟಿಯಸ್ ಹೇಳುತ್ತಾನೆ. ಇಲ್ಲಿ ಅವನ ಮಾತನ್ನು ಹೆಚ್ಚು ತಗ್ಗಿಸಬೇಕಾಗಿಲ್ಲ.

ಅಂಗಳದ ಪೂರ್ವಕ್ಕೆ ಎಂಟು ಮೂಲೆಯ ಎತ್ತರದ ಕಟ್ಟಡವೊಂದಿದೆ. ಹೊರಸುತ್ತಿಗೆ 24 ಕಂಬಗಳು. ಒಳಗೆ ವೃತ್ತಾಕಾರ, ಮೇಲೆ ಗುಮ್ಮಟ. ಡಯೋಕ್ಲೀಷಿಯನ್ ತನ್ನ ಸಮಾಧಿಗೆಂದು ಬದುಕಿರುವಾಗಲೇ ಕಟ್ಟಿಸಿಕೊಂಡದ್ದು ಇದು. ಒಳಗೋಡೆಯ ಮೇಲ್ಭಾಗದ ಕೆತ್ತನೆಯ ಪಟ್ಟಿಯಲ್ಲಿ ಎರಡು ಮುಖಗಳಿವೆ. ಅವು ಚಕ್ರವರ್ತಿಯದೂ ಆತನ ಪತ್ನಿ ಪ್ರಿಸ್ಕಾಳದೂ ಎಂದು ನಂಬಲಾಗಿದೆ. ಇಂದು ಈ ಕಟ್ಟಡವು ಸಂತ ಡೋಮ್ನಿಯಸ್‌ನ ಹೆಸರಿನ ಪ್ರಧಾನ ಇಗರ್ಜಿ. ಈ ಡೋಮ್ನಿಯಸ್ ಯಾರು? ಸಲೋನಾದ ಬಿಷಪ್, 304ರಲ್ಲಿ ಇದೇ ಡಯೋಕ್ಲೀಷಿಯನ್ನನ ಆಜ್ಞೆಗಳ ಕಾಲದಲ್ಲಿ ಕೊಲ್ಲಲ್ಪಟ್ಟವನು.

ಆ ಆಜ್ಞೆಗಳು 303ರ ಫೆಬ್ರವರಿಯಲ್ಲಿ ಆರಂಭವಾದವು. 23ರಂದು ನಿಕೊಮೀಡಿಯಾದ ಅರಮನೆಯೆದುರಿನ ಇಗರ್ಜಿಯನ್ನು ಸೈನಿಕರು ಕೆಡವಿದರು. ಮರುದಿನ, ಎಲ್ಲ ಇಗರ್ಜಿಗಳನ್ನು ನೆಲಸಮ ಮಾಡಬೇಕು, ಧರ್ಮಗ್ರಂಥಗಳನ್ನು ಸುಡಬೇಕು, ಕ್ರೈಸ್ತರು ಸಭೆ ಸೇರಕೂಡದು ಎಂಬ ಶಾಸನ ಹೊರಟಿತು. ಮುಂದಿನ ಆಜ್ಞೆಗಳಲ್ಲಿ ಗುರುಗಳ ಬಂಧನ, ಕಡೆಗೆ ಸಾಮ್ರಾಜ್ಯದ ದೇವತೆಗಳಿಗೆ ಎಲ್ಲರೂ ಬಲಿಪೂಜೆ ಸಲ್ಲಿಸಲೇಬೇಕೆಂಬ ಬಲಾತ್ಕಾರ. ಡಯೋಕ್ಲೀಷಿಯನ್ ಮೊದಮೊದಲು ರಕ್ತಪಾತ ಬೇಡವೆಂದು ಹಿಂಜರಿದನೆಂದೂ, ಅಳಿಯ ಗಲೇರಿಯಸ್ ಒತ್ತಾಯಿಸಿದನೆಂದೂ ಅವನ ವೈರಿಯೇ ಬರೆದಿದ್ದಾನೆ. ಬಲವಂತಕ್ಕೆ ಮಣಿದು ಒಪ್ಪಿದರೂ ಕೆಳಗಿನ ಸಹಿ ಹಿರಿಯನದೇ. ಇಗರ್ಜಿಯೊಳಗೆ ಸಂತ ಅನಸ್ಟೇಷಿಯಸ್‌ನ ಬಲಿಪೀಠವೂ ಇದೆ. 1448ರಲ್ಲಿ ಯುರಾಯ್ ಡಾಲ್ಮಾಟಿನಾಟ್ಸ್ ಎಂಬ ಶಿಲ್ಪಿ ಕೆತ್ತಿದ್ದು. ಅನಸ್ಟೇಷಿಯಸ್ ಬಿಷಪನಲ್ಲ, ಪಂಡಿತನೂ ಅಲ್ಲ. ಅಕ್ವಿಲೇಯಾದಿಂದ ಸಲೋನಾಕ್ಕೆ ಬಂದಿದ್ದ, ಬಟ್ಟೆ ತೊಳೆದು ಹದಮಾಡುವ ಕಸುಬಿನವನು. ನಂಬಿಕೆ ಬಿಡಲೊಲ್ಲದ ಅವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಕಡಲಿಗೆ ನೂಕಿದರೆಂದು ಪರಂಪರೆ ಹೇಳುತ್ತದೆ. ಡಾಲ್ಮಾಟಿನಾಟ್ಸ್ ಅವನನ್ನು ಕೊರಳಲ್ಲಿ ಆ ಕಲ್ಲಿನೊಡನೆಯೇ ಮಲಗಿಸಿದ್ದಾನೆ. ಕೊಲ್ಲಿಸಿದವನ ಸಮಾಧಿಯಲ್ಲಿ ಕೊಲ್ಲಲ್ಪಟ್ಟವರಿಗೆ ಪೂಜೆ ನಡೆಯುತ್ತಿದೆ. ಕೊಲ್ಲಿಸಿದವನ ಶವಪೆಟ್ಟಿಗೆ ಮಾತ್ರ ಅಲ್ಲಿಲ್ಲ.

ಇಷ್ಟಾದರೂ ಡಯೋಕ್ಲೀಷಿಯನ್ನನನ್ನು ಚರಿತ್ರೆಯು ಬೇರೆ ರೋಮನ್ ದೊರೆಗಳ ಸಾಲಿನಲ್ಲಿ ಸುಮ್ಮನೆ ಸೇರಿಸುವುದಿಲ್ಲ. 304ರಲ್ಲಿ ಆತನು ತೀವ್ರ ರೋಗಕ್ಕೆ ಒಳಗಾದನು. ಮರುವರ್ಷ, 305ರ ಮೇ 1ರಂದು, ನಿಕೊಮೀಡಿಯಾದಿಂದ ಮೂರು ಮೈಲಿ ದೂರದ ದಿಬ್ಬದ ಮೇಲೆ, ಜ್ಯೂಪಿಟರ್ ಪ್ರತಿಮೆಯಿದ್ದ ಕಂಬದ ಬಳಿ ಸೈನ್ಯ ನೆರೆಯಿತು. ತಾನು ಅಶಕ್ತನಾಗಿದ್ದೇನೆ, ದುಡಿದು ದಣಿದಿದ್ದೇನೆ, ವಿಶ್ರಾಂತಿ ಬೇಕು ಎಂದು ಕಣ್ಣೀರು ಸುರಿಸುತ್ತ ಹೇಳಿ, ಮೈಮೇಲಿನ ನೇರಳೆ ನಿಲುವಂಗಿಯನ್ನು ತೆಗೆದು ಹೊಸ ಪಾಲುದಾರ ಮ್ಯಾಕ್ಸಿಮಿನ್ ಡೈಯಾನ ಹೆಗಲಿಗೆ ಹೊದಿಸಿದನು. ಮತ್ತೆ ಡಯೋಕ್ಲಿಸ್ ಆದನು. ಬಂಡಿಯೊಂದರಲ್ಲಿ ಕುಳಿತು ನಗರದ ನಡುವೆ ಹಾದು ತನ್ನ ಹುಟ್ಟುನಾಡಿಗೆ ಹೊರಟನು. ಅದೇ ದಿನ ಮಿಲಾನಿನಲ್ಲಿ ಮ್ಯಾಕ್ಸಿಮಿಯನ್ ಕೂಡ, ಮನಸ್ಸಿಲ್ಲದ ಮನಸ್ಸಿನಿಂದ, ಕೆಳಗಿಳಿದನು. ಬದುಕಿರುವಾಗ ತಾನಾಗಿ ಅಧಿಕಾರ ಬಿಟ್ಟ ರೋಮನ್ ಚಕ್ರವರ್ತಿಯನ್ನು ಅದುವರೆಗೆ ಜಗತ್ತು ಕಂಡಿರಲಿಲ್ಲ.

ಸ್ಪ್ಲಿಟ್‌ನ ಗೋಡೆಗಳ ಎದುರು ನಿಂತವರಿಗೆ ಈ ತ್ಯಾಗದ ಕುರಿತು ಒಂದು ಪ್ರಶ್ನೆ ಏಳದೆ ಇರದು. ವಿಶ್ರಾಂತಿ ಬಯಸಿದವನಿಗೆ 16 ಬುರುಜುಗಳೇಕೆ? ಕಾವಲು ಪಡೆಯೇಕೆ? ಮಂಡಿಯೂರುವವರಿಗಾಗಿ ಅಂಗಳವೇಕೆ? ಆತನು ಪದವಿಯನ್ನು ಬಿಟ್ಟನು, ಪರಿಗ್ರಹವನ್ನು ಬಿಡಲಿಲ್ಲ ಎಂದು ಸುಲಭವಾಗಿ ತೀರ್ಪು ಕೊಡಬಹುದು. ಆದರೆ ಹಾಗೆ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಕತ್ತಿಯ ಬಲದಿಂದ ಏರಿದವನು ನಿಶ್ಶಸ್ತ್ರನಾಗಿ ಇಳಿದಿದ್ದರೆ ಅವನನ್ನು ಎಷ್ಟು ದಿನ ಉಳಿಸುತ್ತಿದ್ದರು? ಬುರುಜುಗಳಲ್ಲಿ ವೈಭವಕ್ಕಿಂತ ಹೆಚ್ಚಾಗಿ ಭಯವೇ ಕಾಣುತ್ತದೆ, ಮತ್ತು ಆ ಭಯ ಅವನು ತನ್ನ ಕೈಯಾರೆ ಗಳಿಸಿದ್ದು.

ಅವನಿಗೆ ಅಲ್ಲಿ ಸುಖವೇ ದೊರೆಯಲಿಲ್ಲವೆಂದೂ ಹೇಳಲಾಗದು. ಪಾಲುದಾರರು ಪರಸ್ಪರ ಕಾದಾಡತೊಡಗಿದಾಗ, 308ರಲ್ಲಿ ಡಾನ್ಯೂಬ್ ತೀರದ ಕಾರ್ನುಂಟಮ್ ಎಂಬಲ್ಲಿ ಸಂಧಾನ ಸಭೆ ನಡೆಯಿತು. ಹಿರಿಯನನ್ನು ಅಲ್ಲಿಗೆ ಕರೆಸಿದರು. ಮತ್ತೆ ಸಿಂಹಾಸನವೇರೆಂದು ಒತ್ತಾಯ ಬಂದಿತು. ಸಲೋನಾದಲ್ಲಿ ತಾನು ಸ್ವಂತ ಕೈಯಿಂದ ಬೆಳೆದ ಕಾಯಿಪಲ್ಲೆಗಳನ್ನು ಒಮ್ಮೆ ನೋಡಿದ್ದರೆ ಇಂತಹ ಮಾತನ್ನು ಆಡುತ್ತಿರಲಿಲ್ಲ ಎಂಬ ಅರ್ಥದ ಉತ್ತರವನ್ನು ಆತನು ಕೊಟ್ಟನೆಂದು ಪ್ರಾಚೀನ ಗ್ರಂಥವೊಂದು ದಾಖಲಿಸಿದೆ. ಜನರ ಬಾಯಲ್ಲಿ ಆ ಕಾಯಿಪಲ್ಲೆ ಎಲೆಕೋಸೇ ಆಗಿಬಿಟ್ಟಿದೆ. ಮ್ಯಾಕ್ಸಿಮಿಯನ್‌ಗೆ ಈ ರುಚಿ ಹತ್ತಲಿಲ್ಲ. ಮತ್ತೆ ಮತ್ತೆ ಅಧಿಕಾರಕ್ಕೆ ಕೈಚಾಚಿ, 310ರಲ್ಲಿ ಕಾನ್‌ಸ್ಟಂಟೈನನ ವಿರುದ್ಧ ಸಂಚು ಮಾಡಿ ಸತ್ತನು. ಅವನ ಪ್ರತಿಮೆಗಳನ್ನು ಕೆಡವುವಾಗ ಜೋಡಿಯಾಗಿ ಕೆತ್ತಿದ್ದ ಡಯೋಕ್ಲೀಷಿಯನ್ನನ ಪ್ರತಿಮೆಗಳೂ ಉರುಳಿದವು. ಮುದುಕನು ಬದುಕಿದ್ದಾಗಲೇ ಅದನ್ನು ಕೇಳಬೇಕಾಯಿತು.

ಆದರೆ ಅದಕ್ಕಿಂತ ಕಠಿಣವಾದುದು ಮಗಳ ಸಂಗತಿ. 311ರಲ್ಲಿ ಗಲೇರಿಯಸ್ ಸತ್ತನು. ಸಾಯುವ ಮುನ್ನ ಕ್ರೈಸ್ತರ ಮೇಲಿನ ಹಿಂಸೆಯನ್ನು ನಿಲ್ಲಿಸುವ ಶಾಸನವನ್ನು ಹೊರಡಿಸಿದನು. ವಿಧವೆ ವಲೇರಿಯಾ ತಾಯಿ ಪ್ರಿಸ್ಕಾಳೊಡನೆ ಮ್ಯಾಕ್ಸಿಮಿನ್ ಡೈಯಾನ ರಾಜ್ಯದಲ್ಲಿ ಆಶ್ರಯ ಪಡೆದಳು. ಡೈಯಾ ಆಕೆಯನ್ನು ಮದುವೆಯಾಗಲು ಬಯಸಿದನು. ಗಂಡನ ಶೋಕದ ಉಡುಪು ಇನ್ನೂ ಮೈಮೇಲಿರುವಾಗ ಇಂತಹ ಮಾತೇ ಸಲ್ಲದೆಂದು ಆಕೆ ನಿರಾಕರಿಸಿದಳು. ಆಸ್ತಿ ಕಸಿದುಕೊಂಡು, ಪರಿವಾರದವರನ್ನು ಹಿಂಸಿಸಿ, ತಾಯಿ ಮಗಳಿಬ್ಬರನ್ನೂ ದೇಶಾಂತರಕ್ಕೆ ಅಟ್ಟಿದನು. ತನ್ನ ಮಗಳನ್ನು ತನ್ನಲ್ಲಿಗೆ ಕಳಿಸಿಕೊಡೆಂದು ಡಯೋಕ್ಲೀಷಿಯನ್ ಮತ್ತೆ ಮತ್ತೆ ದೂತರನ್ನು ಕಳಿಸಿ ಬೇಡಿಕೊಂಡನು. ಯಾವನ ಹೆಗಲಿಗೆ ತನ್ನ ನಿಲುವಂಗಿಯನ್ನು ಹೊದಿಸಿದ್ದನೋ ಅವನಲ್ಲಿಯೇ ಬೇಡಬೇಕಾಯಿತು, ಅವನು ಕಿವಿಗೊಡಲಿಲ್ಲ. ಇಂತಹ ದೊರೆಗಳನ್ನು ಆರಿಸಿ, ಹೇಳಿದಂತೆ ನಡೆಯುವುದೇ ರಾಜನೀತಿಯೆಂದು ಕಲಿಸಿ, ಅವರ ಕೈಯಲ್ಲಿ ಕತ್ತಿ ಕೊಟ್ಟು ಬಂದವನಿಗೆ ತೋಟದಲ್ಲಿ ಕುಳಿತು ಮಾಡಲು ಉಳಿದಿದ್ದು ಪ್ರಾರ್ಥನೆಯೊಂದೇ.

ಸುಮಾರು 312ರ ಹೊತ್ತಿಗೆ, ಅರುವತ್ತೆಂಟರ ವಯಸ್ಸಿನಲ್ಲಿ, ಈ ಅರಮನೆಯಲ್ಲಿಯೇ ಆತನು ತೀರಿಕೊಂಡನು. ದುಃಖದಿಂದ ಅನ್ನ ನಿದ್ರೆ ಬಿಟ್ಟು ಹೊರಳಾಡಿ ಸತ್ತನೆಂದು ಒಬ್ಬನು ಬರೆದರೆ, ಹೊಸ ದೊರೆಗಳ ಬೆದರಿಕೆಗೆ ಹೆದರಿ ವಿಷ ಕುಡಿದನೆಂದು ಇನ್ನೊಬ್ಬನು ಬರೆದಿದ್ದಾನೆ. ಡೈಯಾನೂ 313ರಲ್ಲಿ ಸೋತು ಸತ್ತನು. ಆದರೆ ಗೆದ್ದ ಲಿಸಿನಿಯಸ್ ಆ ಹೆಂಗಸರಿಗೆ ಇನ್ನಷ್ಟು ಕ್ರೂರನಾದನು. ಹದಿನೈದು ತಿಂಗಳು ಸಾಮಾನ್ಯರ ಉಡುಪಿನಲ್ಲಿ ಊರೂರು ಅಲೆದ ಅವರು ಕಡೆಗೆ ಥೆಸಲೊನೀಕ ನಗರದಲ್ಲಿ ಗುರುತು ಸಿಕ್ಕಿ ಬಿದ್ದರು. ಜನರ ಎದುರಿನಲ್ಲಿ ಅವರ ತಲೆ ಕಡಿದು ದೇಹಗಳನ್ನು ಕಡಲಿಗೆ ಎಸೆದರು. ಸಮಾಧಿಯ ಗೋಡೆಯ ಮೇಲೆ ಕಾಣುವ ಆ ಸ್ತ್ರೀಮುಖವು ಪ್ರಿಸ್ಕಾಳದೇ ಆಗಿದ್ದರೆ, ಆಕೆಗೆ ಉಳಿದ ಸ್ಮಾರಕ ಅದೊಂದೇ.

ಗೋರಿಯಲ್ಲಿಯೂ ನೇರಳೆ ಬಟ್ಟೆ ಅವನನ್ನು ಬಿಡಲಿಲ್ಲ. ಸುಮಾರು 356ರಲ್ಲಿ, ಡಾನಸ್ ಎಂಬವನು ಡಯೋಕ್ಲೀಷಿಯನ್ನನ ಸಮಾಧಿಯಿಂದ ನೇರಳೆ ಹೊದಿಕೆಯನ್ನು ಕದ್ದು ಅಡಗಿಸಿಟ್ಟಿದ್ದಾನೆಂದು ಆತನ ಹೆಂಡತಿಯೇ ದೂರಿತ್ತಳು. ರಾಜವಸ್ತ್ರ ಬಚ್ಚಿಟ್ಟವನು ರಾಜದ್ರೋಹಿಯೆಂಬುದು ಆ ಕಾಲದ ನ್ಯಾಯ. ವಿಚಾರಣೆಯಲ್ಲಿ ಅದು ಸುಳ್ಳು ದೂರೆಂದೂ, ಆಕೆಯ ಪ್ರಿಯಕರನ ಸಂಚೆಂದೂ ಹೊರಬಿದ್ದು ಅವರಿಬ್ಬರಿಗೂ ಮರಣದಂಡನೆಯಾಯಿತೆಂದು ಅಮಿಯಾನಸ್ ಮಾರ್ಸೆಲಿನಸ್ ಬರೆದಿದ್ದಾನೆ. ಸತ್ತವನ ಹೊದಿಕೆಗಾಗಿ ಮತ್ತೆರಡು ಜೀವಗಳು!

ಏಳನೆಯ ಶತಮಾನದಲ್ಲಿ ಆವಾರ್ ಮತ್ತು ಸ್ಲಾವ್ ದಾಳಿಗೆ ಸಿಕ್ಕಿ ಸಲೋನಾ ನಾಶವಾಯಿತು. ಓಡಿಹೋದ ಜನರು ಮೊದಲು ದ್ವೀಪಗಳಲ್ಲಿ ಅಡಗಿದರು. ತರುವಾಯ ಈ ಖಾಲಿ ಅರಮನೆಯ ಗೋಡೆಗಳ ಒಳಗೆ ಬಂದು ನೆಲೆಸಿದರು. ಒಬ್ಬನ ಭಯವು ಕಟ್ಟಿಸಿದ ಬುರುಜುಗಳು ಸಾವಿರಾರು ಜನರ ಭಯಕ್ಕೆ ಆಸರೆಯಾದವು. ರಾಜವಾಸದಲ್ಲಿ ಅಡುಗೆಮನೆಗಳೆದ್ದವು, ಜ್ಯೂಪಿಟರ್ ಗುಡಿಯು ಶಿಶುಗಳಿಗೆ ದೀಕ್ಷಾಸ್ನಾನ ಕೊಡುವ ಸ್ಥಳವಾಯಿತು, ಕಮಾನುಗಳಿಗೆ ಇಟ್ಟಿಗೆ ತುಂಬಿ ಮನೆ ಮಾಡಿದರು. 1757ರಲ್ಲಿ ಸ್ಕಾಟ್ಲೆಂಡಿನ ವಾಸ್ತುಶಿಲ್ಪಿ ರಾಬರ್ಟ್ ಆಡಮ್ ಐದು ವಾರಗಳ ಕಾಲ ಇಲ್ಲಿ ಉಳಿದು ಅಳತೆ ತೆಗೆದು, 1764ರಲ್ಲಿ ಚಿತ್ರಗಳ ದೊಡ್ಡ ಗ್ರಂಥವನ್ನು ಪ್ರಕಟಿಸಿದ ಮೇಲೆ ಯೂರೋಪು ಈ ಕಟ್ಟಡವನ್ನು ಮತ್ತೆ ಗುರುತಿಸಿತು. 1979ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಯಾದ್ರೊ ನದಿಯಿಂದ ಅರಮನೆಗೆ ನೀರು ತರುತ್ತಿದ್ದ ಸುಮಾರು 9 ಕಿಲೋಮೀಟರ್ ಉದ್ದದ ಕಾಲುವೆಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ದುರಸ್ತಿ ಮಾಡಿ ಊರಿನವರ ಉಪಯೋಗಕ್ಕೆ ತಂದರು.

ಬೆಳ್ಳಿಯ ಬಾಗಿಲಿನಿಂದ ಪೂರ್ವಕ್ಕೆ ಹೊರಬಂದರೆ, ಕೋಟೆಯ ಗೋಡೆಯ ನೆರಳಿನಲ್ಲಿಯೇ ಊರಿನ ಕಾಯಿಪಲ್ಲೆ ಸಂತೆ ನಡೆಯುತ್ತದೆ. ಬೆಳಗ್ಗೆ ಸುತ್ತಲ ಹಳ್ಳಿಗಳ ರೈತರು ಸೊಪ್ಪು, ಟೊಮ್ಯಾಟೊ, ಎಲೆಕೋಸುಗಳನ್ನು ಮೇಜುಗಳ ಮೇಲೆ ಜೋಡಿಸಿ, ಪಕ್ಕದಲ್ಲಿ ದರದ ಚೀಟಿ ಇಟ್ಟು ಕೂರುತ್ತಾರೆ. ಮಧ್ಯಾಹ್ನ ಸಮೀಪಿಸಿ ಸೊಪ್ಪು ಬಾಡತೊಡಗಿದಾಗ ಆ ಚೀಟಿಯ ದರವನ್ನು ಮಾರುವವರೇ ಇಳಿಸುತ್ತಾರೆ.